ಹೂ ಏನೋ ಬಿಡುತ್ತೆ, ಹೂದಾನಿಗೆ ಮಾತ್ರ ಆಗಿಬರಲ್ಲ

ಪ್ರಶ್ನೆ: ನಮ್ಮದು ಮೈಸೂರು. ಮನೆ ಹಿಂದೆ ಹತ್ತಡಿ ಅಗಲ ಇಪ್ಪತ್ತಡಿ ಉದ್ದದ ಜಾಗ ಇದೆ, ಒಳ್ಳೆ ಬಿಸಿಲು ಬೀಳುತ್ತೆ. ಈಗ ಆರು ರೋಸ್ ಗಿಡ, ಒಂದಷ್ಟು ಸೇವಂತಿಗೆ, ನಾಲ್ಕು ವರ್ಷದ ಹಿಂದೆ ನೆಟ್ಟ ಸುಗಂಧರಾಜ ಇದೆ. ವಾರಕ್ಕೊಂದು ಸಲ ಹಾಲ್‌ನಲ್ಲಿ ಇಡೋಕೆ ಮನೆ ಹೂವಿಂದಲೇ ಒಂದು ಬೊಕೆ ಆಗಬೇಕು ಅಂತ ಆಸೆ. ಆದ್ರೆ ಹೂವಿನ ದಂಟು ನಾಲ್ಕು ಇಂಚು ದಾಟಲ್ಲ, ಸುಗಂಧರಾಜ ಬರೀ ಎಲೆ, ಗೇಟ್ ಪಕ್ಕ ಕುಂಡದಲ್ಲಿರೋ ಸೇವಂತಿಗೆ ಎದೆ ಮಟ್ಟ ಬೆಳೆದಿದೆ ಆದ್ರೆ ಒಂದು ಮೊಗ್ಗೂ ಇಲ್ಲ. ಕೊಯ್ದಿಟ್ಟ ರೋಸ್ ಎರಡನೇ ದಿನಕ್ಕೇ ಕತ್ತು ಬಗ್ಗಿಸುತ್ತೆ. ಯೂಟ್ಯೂಬ್ ನೋಡಿ ಪಿಯೋನಿ ಅನ್ನೋ ಫಾರಿನ್ ಹೂವಿನ ಗೆಡ್ಡೆ ಕೂಡ ತರಿಸಿದ್ದೆ, ಕೊಳೆತು ಹೋಯ್ತು. ಪ್ರತಿ ವರ್ಷ ಬೀಜ ಹಾಕೋ ತಾಪತ್ರಯ ಬೇಡ, ಒಂದ್ಸಲ ನೆಟ್ಟರೆ ನಾಕಾರು ವರ್ಷ ಬರೋ ಗಿಡ ಯಾವುದು ಹೇಳಿ. ಇನ್ನೊಂದು ಮಾತು, ಬೆಳಗ್ಗೆ ನಾನು ಏಳೋದ್ರೊಳಗೆ ಅರ್ಧ ಹೂ ಅತ್ತೆ ಪೂಜೆಗೆ ಹೋಗಿರುತ್ತೆ! ಗಿಡಗಳದ್ದು, ಹೂದಾನಿದು ಫೋಟೋ ಕಳಿಸಿದ್ದೀನಿ.

ಉತ್ತರ: ಮೇಡಂ, ನಿಮ್ಮ ಕೊನೇ ಸಾಲು ಓದಿ ನಗು ಬಂತು, ಯಾಕಂದ್ರೆ ನಮ್ಮನೇಲೂ ಅದೇ ಕಥೆ. ನಮ್ಮಮ್ಮ ಐದೂವರೆಗೆಲ್ಲ ಬಿದಿರು ಬುಟ್ಟಿ ಹಿಡ್ಕೊಂಡು ಹೊರಟುಬಿಡೋರು, ನಾನು ಕಾಫಿ ಕುಡಿದು ಹೊರಗೆ ಬರೋ ಹೊತ್ತಿಗೆ ಗಿಡಗಳೆಲ್ಲ ಬೋಳು. ಆದ್ರೆ ನೋಡಿ, ನಿಮ್ಮ ಎಲ್ಲಾ ಸಮಸ್ಯೆಗೂ ಮೂಲ ಅಲ್ಲೇ ಇದೆ, ಅತ್ತೆಯೋರ ತಪ್ಪು ಅಂತ ಅಲ್ಲ, ನಮ್ಮ ಕಡೆ ಹೂ ಅಂದ್ರೇನೇ ತೊಟ್ಟಿನಿಂದ ಮೇಲಿರೋ ತಲೆ. ದೇವರ ಪಟಕ್ಕೆ, ಮುಡಿಗೆ, ಹಾರಕ್ಕೆ ಅಷ್ಟಿದ್ರೆ ಸಾಕು. ನಿಮ್ಮೂರ ದೇವರಾಜ ಮಾರ್ಕೆಟ್‌ನಲ್ಲಿ ಸೇವಂತಿಗೆ ಕೊಳ್ಳೋದು ಮಾರು ಲೆಕ್ಕದಲ್ಲಿ, ಬಿಡಿ ಹೂ ಆದ್ರೆ ಕೆಜಿ ಲೆಕ್ಕದಲ್ಲಿ, ದಂಟಿನ ಮಾತೇ ಬರಲ್ಲ. ಅದೇ ಬೆಂಗಳೂರು ಹೆಬ್ಬಾಳದ ಹೂ ಹರಾಜು ಕೇಂದ್ರಕ್ಕೆ ಬರೋ ಪಾಲಿಹೌಸ್ (ಪ್ಲಾಸ್ಟಿಕ್ ಹೊದಿಕೆ ಕೆಳಗೆ ಬೆಳೆದ) ರೋಸ್ ನೋಡಿ, ಅಲ್ಲಿ ದಂಟಿನ ಉದ್ದದ ಮೇಲೇ ಗ್ರೇಡು, 40 ಸೆಂಟಿಮೀಟರ್, 50, 60 ಅಂತ ಕಟ್ಟು ಕಟ್ಟಿರ್ತಾರೆ, ಹೂ ಒಂದೇ ಥರ ಇದ್ರೂ ಉದ್ದ ದಂಟಿಂದಕ್ಕೆ ರೇಟು ಜಾಸ್ತಿ. ಹೂದಾನಿಗೆ ಅಂತ ತೋಟ ಮಾಡೋರು ಬೆಳೀಬೇಕಾದ್ದು ದಂಟು, ತುದೀಲಿ ಹೂ ಹೇಗೂ ಬರುತ್ತೆ. ಇದೊಂದು ತಲೇಲಿಟ್ಕೊಂಡ್ರೆ ಯಾವ ಗಿಡ ತರಬೇಕು, ಎಷ್ಟು ಹತ್ತಿರ ನೆಡಬೇಕು, ಎಲ್ಲಿ ಕತ್ತರಿ ಹಾಕಬೇಕು ಎಲ್ಲಾ ತಾನಾಗೇ ಗೊತ್ತಾಗ್ತಾ ಹೋಗುತ್ತೆ.

ಗೇಟಿನ ಹತ್ತಿರದ ಸೇವಂತಿಗೆಯಿಂದ ಶುರು ಮಾಡ್ತೀನಿ, ಯಾಕಂದ್ರೆ ಅದಕ್ಕೆ ರೋಗ ಇಲ್ಲ ರುಜಿನ ಇಲ್ಲ, ಗೊಬ್ಬರದ ಕೊರತೆನೂ ಇಲ್ಲ. ಫೋಟೋದಲ್ಲಿ ಕಾಂಪೌಂಡ್ ಮೇಲೆ ಒಂದು ಎಲ್‌ಇಡಿ ಬಲ್ಬ್ ಕಾಣ್ತಿದೆ, ಅದನ್ನ ರಾತ್ರಿಯೆಲ್ಲ ಉರಿಸ್ತೀರ ಅಲ್ವಾ? ಸೇವಂತಿಗೆ ರಾತ್ರಿಯ ಉದ್ದ ಲೆಕ್ಕ ಹಾಕೋ ಗಿಡ. ಕತ್ತಲು ತುಂಡಾಗದೆ ಉದ್ದಕ್ಕೆ ಸಿಗ್ತಾ ಬಂದ್ರೆ ಮಾತ್ರ ಮೊಗ್ಗು ಕಟ್ಟೋಕೆ ಹೊರಡುತ್ತೆ, ಮಧ್ಯರಾತ್ರೀಲಿ ಬೆಳಕು ಬಿತ್ತು ಅಂದ್ರೆ ಇನ್ನೂ ಬೇಸಿಗೆ ಅಂದ್ಕೊಂಡು ಎಲೆ ಬಿಡ್ತಾ ಮೇಲಕ್ಕೆ ಹೋಗ್ತಾನೇ ಇರುತ್ತೆ. ಚಿಕ್ಕಬಳ್ಳಾಪುರ, ಹೊಸೂರು ಕಡೆ ರಾತ್ರಿ ಬಸ್ಸಲ್ಲಿ ಹೋಗುವಾಗ ಹೊಲದ ತುಂಬ ಸಾಲು ಸಾಲು ಬಲ್ಬ್ ಉರೀತಿರೋದು ನೋಡಿರಬಹುದು, ಜಾತ್ರೆ ಗೀತ್ರೆ ಅಂದ್ಕೋಬೇಡಿ, ಅದು ಸೇವಂತಿಗೆ. ಬೇಗ ಹೂ ಬಿಡದ ಹಾಗೆ ತಡೆದು ಗಿಡದ ಎತ್ತರ ಮಾಡ್ಕೊಳ್ಳೋಕೆ, ಹಬ್ಬದ ರೇಟಿಗೆ ಸರಿಯಾಗಿ ಹೂ ಬರೋ ಹಾಗೆ ಮಾಡೋಕೆ ರೈತರು ಮಾಡೋ ಉಪಾಯ, ಬೇಕಾದಷ್ಟು ಎತ್ತರ ಬಂದ ಮೇಲೆ ಲೈಟ್ ಆಫ್ ಮಾಡ್ತಾರೆ, ಗಿಡ ಮೊಗ್ಗಿಗೆ ತಿರುಗುತ್ತೆ. ನೀವು ಗೊತ್ತಿಲ್ಲದೇನೇ ಅದರ ಮೊದಲರ್ಧ ಮಾಡಿಬಿಟ್ಟಿದ್ದೀರ, ಎರಡನೇ ಅರ್ಧ ಮರೆತಿದ್ದೀರ ಅಷ್ಟೇ.

ಸೇವಂತಿಗೇಲಿ ಇನ್ನೂ ಹೇಳೋದಿದೆ, ಇದೊಂದು ಗಿಡ ಕೈಗೆ ಹತ್ತಿದ್ರೆ ಮಿಕ್ಕಿದ್ದು ಸಲೀಸು. ಹಿಂದಿನ ಮಡಿಯಲ್ಲಿರೋ ನಿಮ್ಮ ಗಿಡಗಳು ಗುಂಡಗೆ ಪೊದೆ ಥರ ಆಗಿ ತುಂಬ ಹೂ ಬಿಟ್ಟಿವೆ, ನೋಡೋಕೆ ಚಂದ, ಆದ್ರೆ ದಂಟು ಗಿಡ್ಡ. ಒಂದೊಂದು ಗಿಡಕ್ಕೆ ಎರಡಡಿ ಜಾಗ ಕೊಟ್ಟು ಮತ್ತೆ ಮತ್ತೆ ಕುಡಿ ಚಿವುಟಿದ್ರೆ ಹಾಗೇ ಆಗೋದು. ಪೂಜೆಗೆ ಅದು ಸರಿ. ಹೂದಾನಿಗೆ ಬೇಕಾದ್ರೆ ಅಡಿಗೊಂದು ಗಿಡ ನೆಡಿ, ನೆಟ್ಟು ನಾಲ್ಕು ವಾರಕ್ಕೆ ಒಂದೇ ಸಲ ಕುಡಿ ಚಿವುಟಿ, ಐದಾರು ಕವಲು ಬರುತ್ತೆ, ಅದರಲ್ಲಿ ದಪ್ಪಗಿರೋ ಮೂರು ನಾಲ್ಕು ಮಾತ್ರ ಉಳಿಸಿಕೊಂಡು ಉಳಿದದ್ದು ತೆಗೆದುಬಿಡಿ, ಕರುಳು ಚುರ್ ಅನ್ನುತ್ತೆ, ಆದ್ರೂ ತೆಗೀರಿ. ಗಿಡ ಗಿಡ ಒತ್ತಾಗಿದ್ದಾಗ ಬೆಳಕಿಗೆ ಪೈಪೋಟಿ ಬಿದ್ದು ನೆಟ್ಟಗೆ ಮೇಲೆ ಹೋಗ್ತವೆ. ಆಮೇಲೆ ದೊಡ್ಡ ಒಂಟಿ ಹೂ ಬೇಕಾದ್ರೆ ತುದಿ ಮೊಗ್ಗು ಮಾತ್ರ ಬಿಟ್ಟು ಪಕ್ಕದ್ದೆಲ್ಲ ಸಣ್ಣ ಬಟಾಣಿ ಕಾಳಷ್ಟಿರುವಾಗಲೇ ಉಗುರಲ್ಲಿ ತೆಗೀಬೇಕು, ಗೊಂಚಲು ಥರ ಬೇಕಾದ್ರೆ ಇದಕ್ಕೆ ಉಲ್ಟಾ, ನಡುವಿನ ಮೊಗ್ಗು ಒಂದನ್ನೇ ತೆಗೆದ್ರೆ ಸುತ್ತಲಿಂದು ಒಟ್ಟಿಗೇ ಅರಳುತ್ತೆ. ಗಾಳಿ ಮಳೆಗೆ ಬೀಳದ ಹಾಗೆ ಮಡಿಯ ನಾಲ್ಕು ಮೂಲೆಗೆ ಗೂಟ ಹೊಡೆದು ಒಂದಡಿ ಎತ್ತರದಲ್ಲಿ ನೈಲಾನ್ ದಾರದಿಂದ ಹೆಣೆದ ಮಂಚದ ಥರ ಚೌಕ ಚೌಕ ಕಟ್ಟಿ, ಗಿಡ ಬೆಳೆದ ಹಾಗೆ ದಾರ ಮೇಲೆ ಎತ್ತಿ. ದಂಟು ಒಂದ್ಸಲ ಸೊಟ್ಟ ಆಯ್ತು ಅಂದ್ರೆ ಆಮೇಲೆ ನೀವು ಏನು ಮಾಡಿದ್ರೂ ಸೊಟ್ಟನೇ.

ಹೂ ಮುಗಿದ ಮೇಲೆ ಜನವರಿ ಫೆಬ್ರವರಿಲಿ ಗಿಡ ಒಣಗಿದ ಹಾಗೆ ಕಾಣುತ್ತೆ, ಎಷ್ಟೋ ಜನ ಕಿತ್ತು ಬಿಸಾಕ್ತಾರೆ. ಕೀಳಬೇಡಿ. ಮಣ್ಣಿಂದ ನಾಲ್ಕಿಂಚು ಬಿಟ್ಟು ಸವರಿ, ಬುಡದಿಂದ ಕಂದು, ಅಂದ್ರೆ ಮರಿ ಗಿಡ ಬರುತ್ತೆ, ಅದನ್ನ ಬೇಸಿಗೆ ಪೂರ್ತಿ ಬದುಕಿಸಿಕೊಂಡ್ರೆ ಸಾಕು, ಮೇ ಜೂನ್‌ನಲ್ಲಿ ಕಂದು ಬಿಡಿಸಿ ಅಥವಾ ಮೂರಿಂಚಿನ ಕುಡಿ ಮುರಿದು ಮರಳಲ್ಲಿ ಬೇರು ಬರಿಸಿ ಹೊಸ ಮಡಿಗೆ ಹಾಕಿ. ಅದೇ ಹಳೇ ಬುಡ ಅದೇ ಜಾಗದಲ್ಲಿ ಮೂರು ವರ್ಷ ಬಿಟ್ರೆ ನಡುವೆ ಟೊಳ್ಳಾಗಿ ಹೂ ಸಣ್ಣ ಆಗ್ತಾ ಹೋಗುತ್ತೆ. ಹಾಗಾಗಿ ‘ಒಂದ್ಸಲ ನೆಟ್ಟು ಮರೆತುಬಿಡೋ ಗಿಡ’ ಅಂತ ನೀವು ಕೇಳಿದ್ರಲ್ಲ, ಅಂಥದ್ದು ಯಾವುದೂ ಇಲ್ಲ ಮೇಡಂ, ಬಹುವಾರ್ಷಿಕ ಅಂದ್ರೆ ದುಡ್ಡು ಕೊಟ್ಟು ಮತ್ತೆ ಗಿಡ ತರೋ ಕೆಲಸ ತಪ್ಪುತ್ತೆ, ಬಿಡಿಸಿ ನೆಡೋ ಕೆಲಸ ತಪ್ಪಲ್ಲ.

ಸುಗಂಧರಾಜದ ಕಥೆನೂ ಇದೇ. ನಾಲ್ಕು ವರ್ಷ ಆಯ್ತು ಅಂದ್ರಲ್ಲ, ಅದಕ್ಕೇ ಬರೀ ಎಲೆ. ಒಂದು ಗೆಡ್ಡೆ ಹೂವಿನ ಕಡ್ಡಿ ಒಂದು ಸಲ ಬಿಡೋದು, ಆಮೇಲೆ ಅದರ ಕೆಲಸ ಮುಗೀತು, ಪಕ್ಕದಲ್ಲಿ ಹುಟ್ಟಿದ ಮರಿ ಗೆಡ್ಡೆಗಳು ದಪ್ಪ ಆಗಿ ಹೂ ಕೊಡಬೇಕು. ನಿಮ್ಮಲ್ಲಿ ಮರಿಗಳು ಒಂದರ ಮೇಲೊಂದು ಕೂತು ಯಾವುದೂ ದಪ್ಪ ಆಗ್ತಿಲ್ಲ, ಬೆಳ್ಳುಳ್ಳಿ ಎಸಳಿನ ಥರ ಆಗಿರುತ್ತೆ. ಫೆಬ್ರವರಿಲಿ ನೀರು ನಿಲ್ಲಿಸಿ, ಎಲೆ ಹಳದಿ ಆದ ಮೇಲೆ ಪೂರ್ತಿ ಗುಂಪು ಅಗೆದು ತೆಗೆದು ನೆರಳಲ್ಲಿ ಒಂದು ತಿಂಗಳು ಹರಡಿ, ಆಮೇಲೆ ಎರಡು ಸೆಂಟಿಮೀಟರ್‌ಗಿಂತ ದಪ್ಪ ಇರೋ ಗೆಡ್ಡೆ ಆರಿಸಿ ಏಪ್ರಿಲ್ ಕೊನೆ ಮೇನಲ್ಲಿ ಒಂದು ಗೇಣಿಗೊಂದು ನೆಡಿ, ಸಣ್ಣವನ್ನ ಒಂದು ಮೂಲೇಲಿ ಬೆಳೆಯೋಕೆ ಬಿಡಿ. ನೆಟ್ಟ ಮೇಲೆ ಮೂರು ತಿಂಗಳು, ಸ್ವಲ್ಪ ಹೆಚ್ಚುಕಮ್ಮಿ, ಹೂ ಕಡ್ಡಿ ಬರುತ್ತೆ. ಹೊಸದಾಗಿ ಗೆಡ್ಡೆ ತರೋ ಹಾಗಿದ್ರೆ ತಳಿ ಕೇಳಿ ತನ್ನಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬಿಟ್ಟಿರೋದ್ರಲ್ಲಿ ಶೃಂಗಾರ್, ಪ್ರಜ್ವಲ್ ಒಂಟಿ ಸುತ್ತಿನವು, ಬಿಡಿ ಹೂವಿಗೆ ಹಾರಕ್ಕೆ ಅಂತ ಹೆಚ್ಚು ಬಳಸ್ತಾರೆ, ಸುವಾಸಿನಿ ಡಬಲ್, ವೈಭವ್ ಅರೆ ಡಬಲ್, ಹೂದಾನಿಗೆ ಇವೇ ಲಾಯಕ್ಕು. ಕೆಳಗಿನ ಎರಡು ಹೂ ಬಿರಿದಾಗ ಕಡ್ಡಿನ ಬುಡಕ್ಕೆ ಕೊಯ್ಯಿರಿ, ಮೇಲಿಂದು ದಿನಕ್ಕೊಂದೆರಡರ ಹಾಗೆ ಮನೆ ಒಳಗೇ ಅರಳ್ತಾ ಹೋಗುತ್ತೆ, ಸಂಜೆ ಏಳು ಗಂಟೆ ಮೇಲೆ ಪರಿಮಳ ಇಡೀ ಹಾಲ್ ತುಂಬುತ್ತೆ. ಮಲಗೋ ಕೋಣೇಲಿ ಇಡಬೇಡಿ, ಕೆಲವರಿಗೆ ತಲೆನೋವು ಬರುತ್ತೆ, ನನಗಂತೂ ಬರುತ್ತೆ.

ಅಗೆದಾಗ ಬೇರಲ್ಲಿ ಸಣ್ಣ ಸಣ್ಣ ಗಂಟು ಕಂಡ್ರೆ ಅದು ಬೇರಿಗೆ ಹತ್ತೋ ಜಂತುಹುಳು, ಆ ಮಡೀಲಿ ಮತ್ತೆ ಸುಗಂಧರಾಜ ಬೇಡ, ಬೇವಿನ ಹಿಂಡಿ ಕಲಸಿ ಒಂದು ವರ್ಷ ಚೆಂಡು ಹೂ ಹಾಕಿ.

ಇನ್ನು ರೋಸು. ಫೋಟೋ ನೋಡಿದ್ರೆ ಆರರಲ್ಲಿ ಎರಡು ಪನ್ನೀರ್ ರೋಸ್. ಅದರ ಪರಿಮಳಕ್ಕೆ ಸಾಟಿ ಇಲ್ಲ, ಆದ್ರೆ ಹೂದಾನಿಗೆ ಇಟ್ರೆ ಸಂಜೆಗೆ ದಳ ಉದುರಿ ಟೀಪಾಯಿ ಮೇಲೆ ಬಿದ್ದಿರುತ್ತೆ, ಅದನ್ನ ಅತ್ತೆಯೋರಿಗೆ ಬಿಟ್ಟುಕೊಡಿ. ಉಳಿದ ನಾಲ್ಕು ಕಸಿ ಗಿಡ, ಅದರಲ್ಲಿ ಒಂದರ ಬುಡದಲ್ಲಿ ಕಸಿ ಗಂಟಿಂದ ಕೆಳಗೆ ತಿಳಿ ಹಸಿರು ಬಣ್ಣದ ಒಂದು ಚಿಗುರು ನುಗ್ಗಿ ಬರ್ತಿದೆ ನೋಡಿ, ಅದು ಕಾಡು ಬೇರಿನದ್ದು, ಅದನ್ನ ಕತ್ತರಿಸಬೇಡಿ, ಮಣ್ಣು ಸರಿಸಿ ಬುಡದಿಂದ ಕಿತ್ತುಹಾಕಿ, ಇಲ್ಲಾಂದ್ರೆ ಎರಡು ವರ್ಷದಲ್ಲಿ ಅದೇ ಯಜಮಾನ ಆಗುತ್ತೆ. ಈಗ ದಂಟಿನ ವಿಷಯ. ನೀವು ಹೂವಿನ ಕೆಳಗೆ ನಾಲ್ಕಿಂಚಿಗೆ ಕೊಯ್ತಿದ್ದೀರ, ಗಿಡ ಪಾಪ ಅಂತ. ಆದ್ರೆ ಹಾಗೆ ಮೇಲ್ಮೇಲೆ ಕೊಯ್ದಷ್ಟೂ ಅಲ್ಲಿಂದ ಪೆನ್ಸಿಲ್‌ಗಿಂತ ಸಣ್ಣ ಕಡ್ಡಿ ಬರುತ್ತೆ, ಸಣ್ಣ ಕಡ್ಡಿಗೆ ಸಣ್ಣ ಹೂ, ಗಿಡ್ಡ ದಂಟು. ಆ ಕಡ್ಡಿ ಹೊರಟ ಜಾಗದಿಂದ ಐದು ಕಿರುಎಲೆ ಇರೋ ಎರಡು ಎಲೆ ಬಿಟ್ಟು ಅದರ ಮೇಲೆ ಕೊಯ್ಯಿರಿ, ಹೊರಗಡೆಗೆ ಮುಖ ಮಾಡಿರೋ ಕಣ್ಣಿನ (ಚಿಗುರು ಹೊರಡೋ ಜಾಗ) ಮೇಲೆ. ಬೇಜಾರಾಗಬೇಡಿ, ಆರೇಳು ವಾರದಲ್ಲಿ ಅದೇ ಕಣ್ಣಿಂದ ಮತ್ತೊಂದು ಉದ್ದ ದಂಟು ರೆಡಿ. ದೊಡ್ಡ ಸವರಿಕೆ ನಮ್ಮ ಕಡೆ ವರ್ಷಕ್ಕೆ ಎರಡು ಸಲ, ಮುಂಗಾರಿನ ಶುರುವಿಗೆ ಒಂದು, ಮಳೆ ಪೂರ್ತಿ ಬಿಟ್ಟ ಮೇಲೆ ಅಕ್ಟೋಬರ್ ನವೆಂಬರ್‌ನಲ್ಲಿ ಇನ್ನೊಂದು, ಎರಡನೇದರ ಹೂವೇ ವರ್ಷದ ಒಳ್ಳೇ ಹೂ.

ಪಾಲಿಹೌಸ್‌ನೋರ ಒಂದು ಕೆಲಸ ಮನೇಲೂ ಮಾಡಬಹುದು. ಸಣ್ಣ, ಕೆಲಸಕ್ಕೆ ಬಾರದ ಕಡ್ಡಿಗಳನ್ನ ಅವರು ಕತ್ತರಿಸಲ್ಲ, ಮೊಗ್ಗು ಚಿವುಟಿ, ಬುಡದ ಹತ್ತಿರ ಮುರೀದ ಹಾಗೆ ಬಗ್ಗಿಸಿ ದಾರಿ ಕಡೆಗೆ ಮಲಗಿಸಿಬಿಡ್ತಾರೆ. ಆ ಎಲೆಗಳು ಗಿಡಕ್ಕೆ ಊಟ ಮಾಡಿ ಹಾಕ್ತಾ ಇರುತ್ತೆ, ಬಗ್ಗಿಸಿದ ಜಾಗದಿಂದ ಬೆರಳು ದಪ್ಪದ ಹೊಸ ಕಡ್ಡಿ ಎದ್ದು ಬರುತ್ತೆ. ಮೊದಲ ಸಲ ಮಾಡುವಾಗ ನಾನು ಎರಡು ಕಡ್ಡಿ ಲಟಕ್ ಅಂತ ಮುರಿದೆ, ಸಂಜೆ ಹೊತ್ತು ಒಂದು ಕೈಲಿ ಬುಡ ಹಿಡ್ಕೊಂಡು ಸ್ವಲ್ಪ ತಿರುಚಿದ ಹಾಗೆ ಬಗ್ಗಿಸಿದ್ರೆ ಮುರಿಯಲ್ಲ.

ಗೊಬ್ಬರದ ಬಗ್ಗೆ ಒಂದೇ ಎಚ್ಚರಿಕೆ, ದಂಟು ಉದ್ದ ಆಗಲಿ ಅಂತ ಯೂರಿಯಾ ಸುರೀಬೇಡಿ. ಉದ್ದ ಆಗುತ್ತೆ, ಆದ್ರೆ ನೀರು ತುಂಬಿದ ಬಸಳೆ ದಂಟಿನ ಥರ ಮೆತ್ತಗೆ, ಹೂದಾನೀಲಿ ನಿಲ್ಲಲ್ಲ, ಹೇನು, ಥ್ರಿಪ್ಸು ಥರದ ರಸ ಹೀರೋ ಹುಳ ಎಲ್ಲಾ ಅದನ್ನೇ ಹುಡುಕ್ಕೊಂಡು ಬರುತ್ತೆ. ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ, ಮೊಗ್ಗಿನ ಸಮಯಕ್ಕೆ ಸ್ವಲ್ಪ ಪೊಟ್ಯಾಷ್, ಸೌದೆ ಒಲೆ ಬೂದಿ ಸಿಕ್ಕಿದ್ರೆ ಒಂದು ಹಿಡಿ. ಕಡಲೆಕಾಯಿ ಹಿಂಡಿ ನೆನೆಸಿದ ನೀರು ರೋಸಿಗೆ ಅಮೃತ, ಪಕ್ಕದ ಮನೆಯೋರ ಜೊತೆ ಸಂಬಂಧ ಚೆನ್ನಾಗಿದ್ರೆ ಮಾತ್ರ ಮಾಡಿ, ಮೂರನೇ ದಿನದ ವಾಸನೆ ಹಾಗಿರುತ್ತೆ.

ಈಗ ನೀವು ಕೇಳಿದ ಹೊಸ ಗಿಡಗಳು. ಹತ್ತಡಿ ಅಗಲದಲ್ಲಿ ಮೂರಡಿಯ ಎರಡು ಉದ್ದ ಮಡಿ, ನಡುವೆ ಎರಡಡಿ ದಾರಿ ಮಾಡ್ಕೊಳ್ಳಿ, ಮೂರಡಿಗಿಂತ ಅಗಲ ಆದ್ರೆ ನಡುವಿನ ಗಿಡಕ್ಕೆ ಕೈ ಎಟುಕಲ್ಲ. ಉಳಿದ ಎರಡಡಿ ಗೋಡೆ ಪಕ್ಕಕ್ಕೆ ಇರಲಿ, ಅದಕ್ಕೆ ಆಮೇಲೆ ಬರ್ತೀನಿ. ಬೊಕೆ ಅಂದ ಕೂಡ್ಲೆ ಎಲ್ಲರೂ ದೊಡ್ಡ ಹೂ ಯೋಚಿಸ್ತಾರೆ, ಆದ್ರೆ ನಾಲ್ಕು ರೋಸ್ ಇಟ್ಕೊಂಡು ಹೂದಾನಿ ತುಂಬೋದು ಪುಡಿ ಹೂವು, ಸೊಪ್ಪು. ಅದಕ್ಕೆ ನಾನು ಮೊದಲು ಹೇಳೋ ಗಿಡ ಗೋಲ್ಡನ್ ರಾಡ್ ಮತ್ತು ಬ್ಲೂ ಡೈಸಿ. ಬೊಕೆ ಅಂಗಡೀಲಿ ಹಳದಿ ಗರಿ ಥರ, ತಿಳಿ ನೇರಳೆ ಚುಕ್ಕಿ ಥರ ನಡುವೆ ಸಿಕ್ಕಿಸಿರ್ತಾರಲ್ಲ ಅವೇ. ಎರಡಕ್ಕೂ ಉಪಚಾರ ಕಮ್ಮಿ, ಬುಡದಿಂದ ಕಂದು ಹರಡುತ್ತೆ, ದಂಟು ನೆಲಮಟ್ಟಕ್ಕೆ ಕೊಯ್ದು ಮಣ್ಣು ಏರಿಸಿ ಗೊಬ್ಬರ ಕೊಟ್ರೆ ಮತ್ತೆ ಏಳುತ್ತೆ. ಕಾಲು ಭಾಗ ಅರಳಿದಾಗಲೇ ಕೊಯ್ಯಬೇಕು. ಆದ್ರೆ ಗೋಲ್ಡನ್ ರಾಡ್ ಸ್ವಲ್ಪ ಪುಂಡ ಗಿಡ, ಬಿಟ್ರೆ ಇಡೀ ಮಡಿ ನುಂಗುತ್ತೆ, ಹಳೇ ಹೆಂಚು ಅಥವಾ ಕಡಪಾ ಕಲ್ಲು ಹೂತು ಒಂದು ಗಡಿ ಹಾಕಿ.

ಜರ್ಬೆರಾ ಬಗ್ಗೆ ಎಲ್ಲರೂ ಕೇಳ್ತಾರೆ. ಚೆನ್ನಾಗಿ ಬರುತ್ತೆ, ಎರಡು ಮೂರು ವರ್ಷ ಹೂ ಕೊಡುತ್ತೆ, ಎರಡು ಷರತ್ತು. ನೆಡುವಾಗ ಎಲೆ ಹೊರಡೋ ಕಣ್ಣು ಮಣ್ಣಿಂದ ಮೇಲೇ ಇರಬೇಕು, ಹೂತ್ರೆ ಕೊಳೆಯುತ್ತೆ, ಆಮೇಲೆ ಮಳೆ ನೇರವಾಗಿ ಬೀಳಬಾರದು, ಮೇಲೊಂದು ಶೀಟ್ ಬೇಕು. ಇದರ ಹೂವಿಗೆ ಕತ್ತರಿ ಹಾಕಬೇಡಿ, ದಂಟಿನ ಬುಡ ಹಿಡಿದು ಪಕ್ಕಕ್ಕೆ ಸ್ವಲ್ಪ ತಿರುಚಿ ಎಳೆದ್ರೆ ಪಟ್ ಅಂತ ಬಿಡಿಸಿಕೊಂಡು ಬರುತ್ತೆ, ಕತ್ತರಿಸಿದ ಮೋಟು ಉಳಿದ್ರೆ ಅದೇ ಕೊಳೆತು ಗಿಡಕ್ಕೆ ಹತ್ತುತ್ತೆ.

ಗೋಡೆ ಪಕ್ಕದ ಎರಡಡಿ ಅಂದೆನಲ್ಲ, ಅಲ್ಲಿ ಮಧ್ಯಾಹ್ನದ ಮೇಲೆ ನೆರಳಿರೋ ಕಡೆ ಹೆಲಿಕೋನಿಯಾ ಹಾಕಿ, ಆಳೆತ್ತರ ದಾಟೋ ದೊಡ್ಡ ಜಾತಿ ಬೇಡ, ಗೋಲ್ಡನ್ ಟಾರ್ಚ್ ಥರದ ಗಿಡ್ಡಂದು. ನಿಮಗೆ ಬಾಳೆ ಗೊತ್ತಿದ್ರೆ ಇದೂ ಗೊತ್ತು, ಒಂದು ಕಂದು ಒಂದೇ ಸಲ ಹೂ, ಕೊಯ್ಯುವಾಗ ನೆಲಮಟ್ಟಕ್ಕೆ ಕೊಯ್ದುಬಿಡಿ, ಪಕ್ಕದ ಮರಿ ಮುಂದೆ ಬರುತ್ತೆ. ಇದು ಕೊಯ್ದ ಮೇಲೆ ಅರಳಲ್ಲ, ಗಿಡದಲ್ಲೇ ಎರಡು ಮೂರು ಹಾಳೆ ಬಿಚ್ಚೋವರೆಗೆ ಕಾಯಿರಿ. ಬಿಸಿಲಿರೋ ತುದೀಲಿ ಹಕ್ಕಿ ಕೊಕ್ಕಿನ ಥರ ಹೂ ಬಿಡೋ ಬರ್ಡ್ ಆಫ್ ಪ್ಯಾರಡೈಸ್ ಒಂದು ಬುಡ, ಮೂರು ವರ್ಷ ಏನೂ ಕೊಡದೆ ಸತಾಯಿಸುತ್ತೆ, ಆಮೇಲೆ ನಿಮ್ಮ ಮಕ್ಕಳ ಕಾಲದವರೆಗೂ ಇರುತ್ತೆ, ಅದನ್ನ ಮಾತ್ರ ಬಿಡಿಸಿ ಬಿಡಿಸಿ ನೆಡಬೇಡಿ, ಮುನಿಸಿಕೊಳ್ಳುತ್ತೆ. ಅದರ ಒಂದು ಹೂ ಬಾಡಿದ ಮೇಲೆ ಕೊಕ್ಕಿನ ಒಳಗೆ ಹೆಬ್ಬೆರಳು ಹಾಕಿ ಮೆಲ್ಲಗೆ ಎತ್ತಿದ್ರೆ ಇನ್ನೊಂದು ಹೂ ಒಳಗೆ ಮಡಚಿಕೊಂಡಿರುತ್ತೆ, ಅದನ್ನ ಹೊರಗೆ ತೆಗೀಬಹುದು.

ಪಿಯೋನಿ ವಿಷಯಕ್ಕೆ ಬೇಜಾರು ಮಾಡ್ಕೋಬೇಡಿ, ತಪ್ಪು ನಿಮ್ಮದಲ್ಲ. ಪಿಯೋನಿ, ಲೈಲಾಕ್ ಇವೆಲ್ಲ ಚಳಿಗಾಲದಲ್ಲಿ ವಾರಗಟ್ಟಲೆ ಕೊರೆಯೋ ಚಳೀಲಿ ನಿದ್ದೆ ಮಾಡಿ ಎದ್ದಮೇಲೇ ಹೂ ಬಿಡೋ ಗಿಡಗಳು, ಮೈಸೂರಿನ ಡಿಸೆಂಬರ್ ಅವಕ್ಕೆ ಮಧ್ಯಾಹ್ನದ ತೂಕಡಿಕೆಗೂ ಸಾಲಲ್ಲ. ಟುಲಿಪ್ ಕೂಡ ಅಷ್ಟೇ, ಫ್ರಿಜ್‌ನಲ್ಲಿಟ್ಟ ಗೆಡ್ಡೆ ತಂದ್ರೆ ಒಂದು ಸಲ ಅರಳುತ್ತೆ, ಮರುವರ್ಷ ಇಲ್ಲ. ಅಮೆರಿಕದಲ್ಲಿರೋ ನಮ್ಮ ಅಕ್ಕನ ಮಗಳ ಮನೆ ಮುಂದೆ ಪಿಯೋನಿ ಕಳೆ ಥರ ಬರುತ್ತೆ, ಅವಳು ಅಳೋದು ಮಲ್ಲಿಗೆಗೆ.

ಪಿಯೋನಿ ಥರ ದಪ್ಪಗೆ ಮುಷ್ಟಿ ತುಂಬೋ ಹೂ ಬೇಕು ಅಂದ್ರೆ ನಮ್ಮಲ್ಲೇ ಇದೆಯಲ್ಲ, ಡೇರೆ! ಡೇಲಿಯಾ ಅಂತೀರ ನೀವು, ನಮ್ಮ ಸಾಗರ ಶಿರಸಿ ಕಡೆ ಡೇರೆ ಹೂ. ಮೂಲ ಮೆಕ್ಸಿಕೋ, ಆದ್ರೆ ಮಲೆನಾಡಿನ ಹೆಂಗಸರ ಕೈಗೆ ಬಂದಮೇಲೆ ಅದು ನಮ್ಮದೇ ಆಗಿಹೋಗಿದೆ. ಮಳೆಗಾಲದಲ್ಲಿ ಯಾವ ಮನೆಗೆ ಹೋದ್ರೂ ಅಂಗಳದಲ್ಲಿ ಡೇರೆ ಸಾಲು, ಯಾರ ಮನೇಲಿ ಯಾವ ಹೊಸ ಬಣ್ಣ ಅಂತ ಒಂದು ಕಣ್ಣು ಅದರ ಮೇಲೇ, ಊಟ ಮುಗಿಸಿ ಹೊರಡುವಾಗ ‘ಆ ಕೆಂಪು ಬಿಳಿ ಅಂಚಿಂದು ಒಂದು ಗೆಡ್ಡೆ ಇಟ್ಟಿರು ಮಾರಾಯ್ತಿ’ ಅಂತ ಬುಕ್ಕಿಂಗ್ ಆಗಿಬಿಡುತ್ತೆ. ಹೂ ಮುಗಿದು ಗಿಡ ಒಣಗಿದ ಮೇಲೆ ಗೆಡ್ಡೆ ಕಿತ್ತು, ಮಣ್ಣು ಉದುರಿಸಿ, ಒಣ ಮರಳು ಅಥವಾ ಬೂದೀಲಿ ಹಾಕಿ ಅಟ್ಟದ ಮೇಲಿಡೋದು, ಬೇಸಿಗೆ ಮಳೆ ಬಿದ್ದಾಗ ತಾನಾಗೇ ಕಣ್ಣು ಬಿಟ್ಟಿರುತ್ತೆ. ಒಂದು ಸೂಕ್ಷ್ಮ ಇದೆ, ಬರೀ ಗೆಡ್ಡೆ ಮುರಿದು ನೆಟ್ಟರೆ ಹುಟ್ಟಲ್ಲ, ಹಳೇ ಕಾಂಡದ ಬುಡ ಸ್ವಲ್ಪ ಅಂಟಿಕೊಂಡಿರಬೇಕು, ಕಣ್ಣು ಇರೋದು ಅಲ್ಲಿ. ನಾಲ್ಕು ಜೊತೆ ಎಲೆ ಬಂದಾಗ ಕುಡಿ ಚಿವುಟಿ, ಗೂಟ ಮಾತ್ರ ನೆಡುವಾಗಲೇ ಹೊಡೆದಿಡಿ, ಆಮೇಲೆ ಹೊಡೆದ್ರೆ ಗೆಡ್ಡೆಗೆ ಚುಚ್ಚುತ್ತೆ. ಡೇರೆನೂ ಕೊಯ್ದ ಮೇಲೆ ಅಷ್ಟಾಗಿ ಅರಳಲ್ಲ, ಮುಕ್ಕಾಲು ಅರಳಿದ ಮೇಲೆ ಕೊಯ್ಯಿರಿ, ನಾಲ್ಕೈದು ದಿನ ಬಾಳಿಕೆ, ಅದಕ್ಕಿಂತ ಜಾಸ್ತಿ ಆಸೆ ಬೇಡ. ಮಲೆನಾಡಿನ ನೆಂಟರು ಯಾರಾದ್ರೂ ಇದ್ರೆ ಇವತ್ತೇ ಫೋನ್ ಮಾಡಿ ಗೆಡ್ಡೆ ಹೇಳಿಡಿ, ದುಡ್ಡು ಕೊಟ್ಟು ತರೋ ಗಿಡ ಅಲ್ಲ ಅದು.

ಸೊಪ್ಪಿಗೆ ಆಸ್ಪರಾಗಸ್, ಸಾಂಗ್ ಆಫ್ ಇಂಡಿಯಾ ಕುಂಡದಲ್ಲಿ ಸಾಕು. ನಾನಂತೂ ಬೊಕೆಗೆ ಮರುಗ, ಕಾಮಕಸ್ತೂರಿ ಕಡ್ಡಿ ಹಾಕ್ತೀನಿ, ಹಾರದಲ್ಲಿ ಇರಬಹುದಾದ್ರೆ ಹೂದಾನೀಲಿ ಯಾಕಿರಬಾರದು, ಹೋಗ್ತಾ ಬರ್ತಾ ಸೆರಗು ತಾಗಿದ್ರೆ ಘಮ್ ಅನ್ನುತ್ತೆ.

ಕೊನೇದಾಗಿ ಕತ್ತು ಬಗ್ಗಿಸೋ ರೋಸ್. ನಿಮ್ಮ ಹೂದಾನಿ ಫೋಟೋ ಮೂರು ಸಲ ನೋಡಿದೆ. ಹೂದಾನಿ ಇರೋದು ಫ್ಯಾನಿನ ನೇರ ಕೆಳಗೆ, ಪಕ್ಕದಲ್ಲೇ ಒಂದು ಚಿಪ್ಪು ಬಾಳೆಹಣ್ಣು! ಫ್ಯಾನ್ ಗಾಳಿಗೆ ದಳದ ನೀರು ಆರಿ ಹೋಗೋ ವೇಗಕ್ಕೆ ದಂಟು ಎಳೆದು ಪೂರೈಸೋಕಾಗಲ್ಲ, ಹಣ್ಣಾಗೋ ಬಾಳೆ ಬಿಡೋ ಎಥಿಲೀನ್ ಗಾಳಿ ಹೂವನ್ನೂ ಬೇಗ ಮುದಿ ಮಾಡುತ್ತೆ. ಮೊದಲು ಎರಡರಲ್ಲಿ ಒಂದನ್ನಾದ್ರೂ ಅಲ್ಲಿಂದ ಎತ್ತಿ. ಆಮೇಲೆ ಕೊಯ್ಯೋ ಹೊತ್ತು. ಮನೆ ಕೆಲಸ ಎಲ್ಲಾ ಮುಗಿಸಿ ಹತ್ತು ಗಂಟೆ ಬಿಸಿಲಲ್ಲಿ ಕೊಯ್ದು, ಕೈಲಿ ಹಿಡ್ಕೊಂಡು ಇನ್ನೊಂದು ಗಿಡ ನೋಡ್ತಾ ನಿಂತ್ರೆ ದಂಟು ನೀರಿನ ಬದಲು ಗಾಳಿ ಎಳ್ಕೊಳ್ಳುತ್ತೆ, ಒಳಗಿನ ನಾಳದಲ್ಲಿ ಗುಳ್ಳೆ ಸಿಕ್ಕಿಹಾಕ್ಕೊಂಡ್ರೆ ಆಮೇಲೆ ಕತ್ತಿನವರೆಗೆ ನೀರು ಮುಟ್ಟಲ್ಲ. ಬೆಳಗ್ಗೆ ಏಳೂವರೆ ಒಳಗೆ ಕೊಯ್ಯಿರಿ, ಅರ್ಧ ಬಕೆಟ್ ನೀರು ಜೊತೇಲೇ ತಗೊಂಡು ಹೋಗಿ, ಕೊಯ್ದಿದ್ದು ಕೊಯ್ದ ಹಾಗೆ ಅದಕ್ಕೆ. ರೋಸ್ ಹೊರಗಿನ ಒಂದೆರಡು ದಳ ಬಿಚ್ಚೋಕೆ ಶುರುವಾದಾಗ ಕೊಯ್ಯಬೇಕು, ತೀರಾ ಬಿಗಿ ಮೊಗ್ಗಲ್ಲಿ ಕೊಯ್ದಿದ್ದು ಅರಳದೇ ಕತ್ತು ಬಗ್ಗಿಸುತ್ತೆ. ಬಕೆಟನ್ನ ನೆರಳಲ್ಲಿ ಎರಡು ಮೂರು ಗಂಟೆ ಬಿಟ್ಟು ಆಮೇಲೆ ಜೋಡಿಸಿ, ಜೋಡಿಸೋ ಮೊದಲು ನೀರೊಳಗೇ ದಂಟು ಮುಳುಗಿಸಿ ಒಂದಿಂಚು ಓರೆಯಾಗಿ ಮತ್ತೆ ಕೊಯ್ಯಿರಿ, ನೀರಿಗೆ ತಾಗೋ ಎಲೆ ಪೂರ್ತಿ ತೆಗೀರಿ.

ನೀರಿಗೆ ಆಸ್ಪಿರಿನ್ ಹಾಕಿ, ತಾಮ್ರದ ಕಾಸು ಹಾಕಿ ಅಂತೆಲ್ಲ ಹೇಳ್ತಾರೆ, ನಂಗೆ ಅದರಲ್ಲಿ ಏನೂ ವ್ಯತ್ಯಾಸ ಕಂಡಿಲ್ಲ. ಒಂದು ಲೀಟರ್‌ಗೆ ಒಂದು ಟೀ ಚಮಚ ಸಕ್ಕರೆ, ಎರಡು ಚಮಚ ನಿಂಬೆ ರಸ, ಅರ್ಧ ಚಮಚ ಬಟ್ಟೆಗೆ ಹಾಕೋ ಲಿಕ್ವಿಡ್ ಬ್ಲೀಚ್. ಬ್ಲೀಚ್ ಮತ್ತು ನಿಂಬೆ ರಸ ನೇರವಾಗಿ ಒಂದಕ್ಕೊಂದು ಸೇರಿಸಬೇಡಿ, ಗಾಟು ಬರುತ್ತೆ, ನೀರಿಗೆ ಬೇರೆ ಬೇರೆಯಾಗಿ ಹಾಕಿ. ಸಕ್ಕರೆ ಹೂವಿಗೆ ಊಟ, ಬ್ಲೀಚ್ ಇಲ್ಲದಿದ್ರೆ ಅದೇ ಸಕ್ಕರೆ ಬ್ಯಾಕ್ಟೀರಿಯಾಗೆ ಊಟ, ಹಾಗಾಗಿ ಬರೀ ಸಕ್ಕರೆ ಹಾಕೋದಾದ್ರೆ ಹಾಕದೇ ಇರೋದೇ ಒಳ್ಳೇದು. ಇಷ್ಟೆಲ್ಲ ಆಗಲ್ಲ ಅಂದ್ರೆ ದಿನಾ ನೀರು ಬದಲಾಯಿಸಿ, ಎರಡು ದಿನಕ್ಕೊಮ್ಮೆ ತುದಿ ಕೊಯ್ಯಿರಿ, ಅಷ್ಟೇ ಸಾಕು. ಬೋರ್ ನೀರು ಗಡಸಿದ್ರೆ ಫಿಲ್ಟರ್ ನೀರು ಹಾಕಿ. ಆ ಹಿತ್ತಾಳೆ ಚೊಂಬು ಒಳ್ಳೇ ಹೂದಾನಿ, ಬಾಯಿ ಸಣ್ಣ ಇರೋದ್ರಿಂದ ಹೂ ಒತ್ತಾಗಿ ನಿಲ್ಲುತ್ತೆ, ಆದ್ರೆ ನಿಂಬೆ ಬ್ಲೀಚ್ ನೀರು ಹಿತ್ತಾಳೆಗೆ ಆಗಲ್ಲ, ಒಳಗೊಂದು ಗಾಜಿನ ಲೋಟ ಇಳಿಸಿ.

ಅತ್ತೆಯೋರ ವಿಷಯಕ್ಕೆ ನಂದೊಂದು ಅನುಭವದ ಮಾತು, ಜಗಳ ಬೇಡ, ಗಡಿ ಹಾಕ್ಕೊಳ್ಳಿ. ಅಡುಗೆಮನೆ ಬಾಗಿಲಿಗೆ ಹತ್ತಿರದ ಮಡಿ ಅವರದ್ದು: ಎರಡು ಪನ್ನೀರ್ ರೋಸ್, ಒಂಟಿ ಸುತ್ತಿನ ಸುಗಂಧರಾಜ, ಈಗಿರೋ ಪೊದೆ ಸೇವಂತಿಗೆ ಎಲ್ಲಾ ಅಲ್ಲಿಗೆ ಬರಲಿ, ಬೆಳಗ್ಗೆ ಕತ್ತಲಲ್ಲಿ ಕೈಗೆ ಸಿಗೋದು ಅದೇ ಆದ್ರೆ ದೂರದ ಮಡಿಗೆ ಯಾರೂ ಹೋಗಲ್ಲ. ಮೊಗ್ಗು ಚಿವುಟೋ ಕೆಲಸನೂ ಅವರಿಗೇ ವಹಿಸಿ ನೋಡಿ, ಹೂ ಕಟ್ಟಿ ಪಳಗಿದ ಬೆರಳಿಗೆ ಅದು ಸಲೀಸು, ನಮ್ಮಮ್ಮ ಅದರಲ್ಲಿ ನನಗಿಂತ ಚುರುಕಾಗಿದ್ರು.

ಈಗ ಆಗಸ್ಟ್ ನಡೀತಿದೆ. ಬೇರೆ ಎಲ್ಲಾ ನಿಧಾನಕ್ಕೆ ಮಾಡಿ, ಗೇಟಿನ ಹತ್ತಿರದ ಆ ಸೇವಂತಿಗೆ ಕುಂಡಗಳನ್ನ ಮಾತ್ರ ಇವತ್ತು ಸಂಜೇನೇ ಮನೆ ಹಿಂದಕ್ಕೆ, ಯಾವ ಲೈಟೂ ಬೀಳದ ಕಡೆ ಎತ್ತಿಡಿಸಿ, ಅಡುಗೆಮನೆ ಕಿಟಕಿ ಬೆಳಕು ಕೂಡ ತಾಗಬಾರದು. ಎದೆ ಮಟ್ಟದ ದಂಟು ಹೇಗೂ ಇದೆ, ಎಂಟರಿಂದ ಹತ್ತು ವಾರ ಕತ್ತಲು ಸಿಕ್ಕಿದ್ರೆ ದೀಪಾವಳಿ ಸುಮಾರಿಗೆ ಕೊಯ್ಯಬಹುದು. ಗೂಟ ಕಟ್ಟಿ, ಅಷ್ಟುದ್ದಕ್ಕೆ ಹೂವಿನ ಭಾರ ತಡೆಯಲ್ಲ.